ಹೊಸ ಕಡಲತೊಟ್ಟಿ: ನೀರು ಬದಲಾಯಿಸುವುದು ಯಾವಾಗ?

ಕಡಲಿನ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಹವ್ಯಾಸ ಇಂದು ನಿನ್ನೆಯದಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿಯೇ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಈಗಲಾದರೋ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬ್ರೂಕ್‌ಫೀಲ್ಡಿನ ಮನೆಗಳಲ್ಲಿಯೂ ಉಪ್ಪುನೀರಿನ ತೊಟ್ಟಿಗಳಿವೆ. ಸಂಜೆಯ ವೇಳೆ ಅಂಥ ತೊಟ್ಟಿಗಳನ್ನು ನೋಡಿಕೊಳ್ಳುವ ಕೆಲಸದಿಂದಲೇ ನನ್ನ ಕಾಲೇಜಿನ ಶುಲ್ಕ ಹೊರಡುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗನು. ಕಲಾವಿಭಾಗದವನಾದ ನನಗೆ ಅಷ್ಟಿಷ್ಟು ರಸಾಯನಶಾಸ್ತ್ರ ಕಲಿಸಿದ್ದು ಈ ತೊಟ್ಟಿಗಳೇ.

ತೊಟ್ಟಿ ಇಟ್ಟವರೆಲ್ಲರೂ ಕೇಳುವ ಮೊದಲ ಪ್ರಶ್ನೆ, ನೀರು ಬದಲಾಯಿಸುವುದು ಯಾವಾಗ ಎಂಬುದು. ಉತ್ತರವನ್ನು ಪಂಚಾಂಗದಲ್ಲಿ ಹುಡುಕಬಾರದು, ನೀರಿನಲ್ಲಿಯೇ ಹುಡುಕಬೇಕು.

ಮೀನಿನ ಮಲ, ಉಳಿದ ಆಹಾರ ಕೊಳೆತಾಗ ಅಮೋನಿಯ ಹುಟ್ಟುತ್ತದೆ. ಇದು ವಿಷ. ಕಡಲನೀರಿನಂಥ ಕ್ಷಾರಗುಣದ ನೀರಿನಲ್ಲಿ ಇದರ ವಿಷ ಇನ್ನೂ ಹೆಚ್ಚು. ಕೆಲವು ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಯವರು 1890ರ ಸುಮಾರಿಗೆ ಮಣ್ಣಿನಲ್ಲಿ ಇಂಥ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಇವು ಕಲ್ಲು, ಮರಳು, ಫಿಲ್ಟರುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದುದರಿಂದ ಮೀನಿಲ್ಲದ ಹೊಸ ತೊಟ್ಟಿಯಲ್ಲಿ ಈ ಅವಧಿಯಲ್ಲಿ ನೀರು ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಮೋನಿಯವೇ ಆ ಜೀವಿಗಳ ಅನ್ನ. ಅದನ್ನು ಪದೇಪದೇ ಚೆಲ್ಲಿದರೆ ಅವು ಬೆಳೆಯುವುದು ತಡವಾಗುತ್ತದೆ. ಗಾಜಿನ ಮೇಲೆ ಕಂದು ಪಾಚಿ ಕಂಡಿತೆಂದು ಗಾಬರಿಯಾಗಬೇಕಿಲ್ಲ. ಲೀಟರಿಗೆ 2 ಮಿಲಿಗ್ರಾಂನಷ್ಟು ಅಮೋನಿಯ ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದರೆ ತೊಟ್ಟಿ ಪಕ್ವವಾಯಿತೆಂದು ತಿಳಿಯಬಹುದು. ಆಗ ಉಳಿಯುವುದು ನೈಟ್ರೇಟ್. ಮೊದಲ ನೀರು ಬದಲಾವಣೆ ಮಾಡಬೇಕಾದುದು ಆಗ, ಮೀನು ಬಿಡುವುದಕ್ಕೆ ಮುಂಚೆ. ಲೆಕ್ಕ ಸುಲಭ: ನೈಟ್ರೇಟ್ 40 ಇದ್ದಾಗ ಕಾಲುಭಾಗ ನೀರು ಬದಲಾಯಿಸಿದರೆ 30, ಅರ್ಧ ಬದಲಾಯಿಸಿದರೆ 20.

ಮೀನನ್ನು ಆಗಲೇ ಬಿಟ್ಟಿದ್ದರೆ ನ್ಯಾಯ ಬೇರೆ. ಅಮೋನಿಯ ಕಂಡ ದಿನವೇ ನೀರು ಬದಲಾಯಿಸಬೇಕು. ಬ್ಯಾಕ್ಟೀರಿಯ ತಡವಾಗಿ ಬೆಳೆದರೆ ಬೆಳೆಯಲಿ, ಮೀನು ಬದುಕಬೇಕು.

ತೊಟ್ಟಿ ನೆಲೆನಿಂತ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಶೇಕಡಾ 10ರಷ್ಟು ಬದಲಾಯಿಸುವುದು ಸಾಮಾನ್ಯ ರೂಢಿ. ಕಡಲನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಲವಣವಿದೆ. 200 ಲೀಟರಿನ ತೊಟ್ಟಿಗೆ 20 ಲೀಟರ್ ಹೊಸ ನೀರೆಂದರೆ ಸುಮಾರು 700 ಗ್ರಾಂ ಕಡಲುಪ್ಪಿನ ಮಿಶ್ರಣ ಬೇಕು. ಅದನ್ನು ಹಿಂದಿನ ದಿನವೇ ಕರಗಿಸಿಡುವುದು ಲೇಸು. ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ನೀರು ಆವಿಯಾಗಿ ಕಡಿಮೆಯಾದರೆ ಮಾತ್ರ ಸಿಹಿನೀರನ್ನೇ ತುಂಬಬೇಕು. ಏಕೆಂದರೆ ಆವಿಯಾಗುವುದು ನೀರು, ಉಪ್ಪಲ್ಲ.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕೊಳವೆಬಾವಿಯ ನೀರು ಗಡುಸು. ಎಂದೇ ಶುದ್ಧೀಕರಣ ಯಂತ್ರದ ನೀರನ್ನು ಬಳಸುತ್ತಾರೆ. ಆ ಯಂತ್ರ ಒಂದು ಲೀಟರ್ ಕೊಡುವಾಗ ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಬಿಡುವುದುಂಟು. ತೊಟ್ಟಿಯಿಂದ ತೆಗೆದ ಉಪ್ಪುನೀರಂತೂ ಗಿಡಕ್ಕೂ ಆಗದು. 2024ರ ಬೇಸಗೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಜನ ಟ್ಯಾಂಕರಿಗಾಗಿ ಕಾದುದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ನಾನು ಕೆಲಸ ಮಾಡುವ ಮನೆಗಳಲ್ಲಿ ಯಂತ್ರ ಹೊರಬಿಟ್ಟ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಕೊಡುತ್ತೇನೆ.

ಹೀಗೆ, ಬೇಕಾದಾಗ ಬದಲಾಯಿಸದಿದ್ದರೆ ಮೀನಿಗೆ ಕೇಡು; ಬೇಡದಾಗ ಬದಲಾಯಿಸಿದರೆ ಊರಿನ ನೀರಿಗೆ ಕೇಡು. ಬಕೆಟ್ಟಿಗೆ ಕೈಹಾಕುವ ಮುನ್ನ ಪರೀಕ್ಷೆಯ ನಳಿಕೆಯನ್ನು ನೋಡುವುದೇ ಎರಡಕ್ಕೂ ಮದ್ದು.