ಅಂಗಿ ಬಿಚ್ಚಿಸದೆ ಜ್ವರದ ಗುಟ್ಟು ಸಿಗದು

ಮತ್ತೆ ಮತ್ತೆ 101 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಮೂರು ವಾರವಾದರೂ ಬಿಡುವುದಿಲ್ಲ, ಆಸ್ಪತ್ರೆಯಲ್ಲಿ ಒಂದು ವಾರ ತಪಾಸಣೆ ಮಾಡಿದರೂ ಮೂಲ ತಿಳಿಯುವುದಿಲ್ಲ. ಕಾರಣ ಕಾಣದ ಜ್ವರಕ್ಕೆ 1961ರಲ್ಲಿ ಅಮೆರಿಕದ ವೈದ್ಯರಾದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಹಾಕಿಕೊಟ್ಟ ಅಳತೆ ಇದು. ಪುಣೆಯಲ್ಲಿ ಇಂಥ ರೋಗಿ ಕೈತುಂಬ ರಿಪೋರ್ಟ್ ಹಿಡಿದೇ ಬರುತ್ತಾನೆ. ಸಸೂನ್ ಆಸ್ಪತ್ರೆ, ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ರಾಷ್ಟ್ರೀಯ ವೈರಾಣು ಸಂಸ್ಥೆ ಎಲ್ಲವೂ ಇರುವ ಊರಲ್ಲಿ ಪರೀಕ್ಷೆಗಳಿಗೇನು ಬರ? ಬರವಿರುವುದು ರೋಗಿಯ ಮೈಯನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡುವ ಇಪ್ಪತ್ತು ನಿಮಿಷಕ್ಕೆ. ಪಿ.ಜಿ. ಓದಲು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಕೆಲವು ಸೂತ್ರಗಳು.

1. ಮೊದಲು ಕೇಳಿ, ಆಮೇಲೆ ಮುಟ್ಟಿ

ಈ ಪಾಠವನ್ನು ಪುಣೆ ದುಬಾರಿ ಬೆಲೆ ತೆತ್ತು ಕಲಿತಿದೆ. 1897ರ ಪ್ಲೇಗ್ ಕಾಲದಲ್ಲಿ ಡಬ್ಲ್ಯು. ಸಿ. ರ‍್ಯಾಂಡ್ ಮುಖಂಡತ್ವದ ಸಮಿತಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ಜ್ವರ ಬಂದವರ ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆ ಹುಡುಕುವುದು ವೈದ್ಯಶಾಸ್ತ್ರದ ಮಟ್ಟಿಗೆ ಸರಿಯೇ. ಆದರೆ ಹುಡುಕಿದ ರೀತಿಗೆ, ಅದರಲ್ಲೂ ಹೆಂಗಸರನ್ನು ನಡೆಸಿಕೊಂಡ ಬಗೆಗೆ, ಊರಿಗೆ ಊರೇ ಕುದಿಯಿತು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗಣೇಶಖಿಂಡ್ ರಸ್ತೆಯಲ್ಲಿ ಗುಂಡು ಹಾರಿಸಿದರು, ರ‍್ಯಾಂಡ್ ಉಳಿಯಲಿಲ್ಲ. ಅದೇ ವರ್ಷ ಮಾರ್ಚ್ 10ರಂದು, ಅದೇ ಊರಲ್ಲಿ, ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿಸಿಕೊಂಡು ಸಾವಿತ್ರಿಬಾಯಿ ಫುಲೆ ತೀರಿಕೊಂಡಿದ್ದರು. ರೋಗಿಯ ಮೈ ಮುಟ್ಟುವ ಎರಡು ರೀತಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪರದೆ ಎಳೆಯಿರಿ. ಹೆಣ್ಣುಮಗಳಾದರೆ ನರ್ಸ್ ಪಕ್ಕದಲ್ಲಿರಲಿ. ಒಂದು ಭಾಗ ನೋಡುವಾಗ ಉಳಿದದ್ದು ಮುಚ್ಚಿರಲಿ. ಪುಣೆಯ ಕಟ್ಟಡ ಕೆಲಸದಲ್ಲಿ ಉತ್ತರ ಕರ್ನಾಟಕದವರೂ ಇದ್ದಾರೆ. ಅಂಥವರೊಬ್ಬರು ಸಿಕ್ಕರೆ ‘ಯವ್ವಾ, ಬಗಲಾಗ ಗಂಟ ಅದನೋ ಇಲ್ಲೋ ನೋಡ್ತೀನಿ’ ಅನ್ನಿ, ಅರ್ಧ ಸಂಕೋಚ ಅಲ್ಲೇ ಇಳಿಯುತ್ತದೆ.

2. ಜ್ವರವನ್ನು ನೀವೇ ಅಳೆಯಿರಿ, ನಾಡಿಯನ್ನೂ

ಸಾಮಾನ್ಯವಾಗಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ಸುಮಾರು ಹತ್ತು ಬಡಿತ ಹೆಚ್ಚುತ್ತದೆ. 104 ಡಿಗ್ರಿ ಜ್ವರವಿದ್ದೂ ನಾಡಿ ನಿಧಾನವಾಗಿದ್ದರೆ ಟೈಫಾಯ್ಡ್ ನೆನಪಾಗಬೇಕು. ರೋಗಿ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದಾರೋ ಎಂದೂ ಕೇಳಿ, ಅದೂ ನಾಡಿಯನ್ನು ತಗ್ಗಿಸುತ್ತದೆ. ಜ್ವರ ಏರಿದೆ, ಮೈ ಮಾತ್ರ ತಣ್ಣಗಿದೆ, ನಾಡಿಯೂ ಕದಲಿಲ್ಲ ಎಂದರೆ ಥರ್ಮಾಮೀಟರ್ ಬಿಸಿನೀರಿನ ಲೋಟ ಕಂಡು ಬಂದಿರಬಹುದು!

3. ಕಪ್ಪು ಹಕ್ಕಳೆಯನ್ನು ಹುಡುಕಿ

ಇಡೀ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಪೊದೆ, ಹುಲ್ಲುಗಳಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಸ್ಕ್ರಬ್ ಟೈಫಸ್ ಬರುತ್ತದೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳುವುದಿಲ್ಲ. ಅದು ಹೆಚ್ಚಾಗಿ ಕೂರುವುದೂ ಬಟ್ಟೆ ಬಿಗಿಯುವ, ಬೆವರು ನಿಲ್ಲುವ ಜಾಗಗಳಲ್ಲೇ: ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ಪಟ್ಟಿ, ಕಿವಿಯ ಹಿಂದೆ, ವೃಷಣದ ಚರ್ಮದ ಮೇಲೆ. ಎಲ್ಲರಲ್ಲೂ ಇರುವುದಿಲ್ಲ ನಿಜ. ಆದರೆ ಕಂಡರೆ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರುಮಾಡಬಹುದು. ಅಗ್ಗದ ಔಷಧ, ಸಾಮಾನ್ಯವಾಗಿ ಎರಡು ದಿನದೊಳಗೆ ಜ್ವರ ಇಳಿಸುತ್ತದೆ. ಹಕ್ಕಳೆ ಕಣ್ತಪ್ಪಿದರೆ ರೋಗ ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳ ತನಕ ಹೋಗಬಹುದು.

4. ಎಲ್ಲಿಂದ ಬಂದಿರಿ ಎಂಬ ಉತ್ತರ ಕೈಗೆ ದಾರಿ ತೋರಲಿ

ಮಳೆಗಾಲದಲ್ಲಿ ಪುಣೆ ಪಕ್ಕದ ಮಾವಳ, ಮುಳಶಿ ಕಡೆ ಭತ್ತದ ಗದ್ದೆಯಲ್ಲಿ ನಿಂತವರಾದರೆ ಮೀನಖಂಡ ಒತ್ತಿ, ಕಣ್ಣು ನೋಡಿ. ಪಿಸುರಿಲ್ಲದೆ ಕೆಂಪಾದ ಕಣ್ಣು, ಮುಟ್ಟಿದರೆ ಚೀರಿಸುವ ಮೀನಖಂಡ, ಇವೆರಡೂ ಇಲಿಜ್ವರದತ್ತ ಬೆರಳು ತೋರುತ್ತವೆ. ಹಸು, ಕುರಿ ಸಾಕುವವರು, ಹಸಿಹಾಲು ಕುಡಿಯುವವರಾದರೆ ಸೊಂಟದ ಕೀಲು, ಬೆನ್ನುಮೂಳೆ ಒತ್ತಿ ನೋಡಿ, ಬ್ರುಸೆಲ್ಲಾ ಸೋಂಕು ಅಲ್ಲಿ ಅಡಗಿರಬಹುದು.

ಮಲೆನಾಡಿನಿಂದ ಈಗಷ್ಟೇ ಬಂದವರೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ, ಜನ ಜ್ವರದಿಂದ ಮಲಗಿದಾಗ, ಆ ವೈರಾಣುವನ್ನು ಪತ್ತೆಹಚ್ಚಿದ್ದು ಇದೇ ಪುಣೆಯ ವೈರಾಣು ಸಂಸ್ಥೆ. 1952ರಲ್ಲಿ ಹುಟ್ಟಿದ ಅದಕ್ಕೆ ಆಗ ವೈರಸ್ ರಿಸರ್ಚ್ ಸೆಂಟರ್ ಎಂದು ಹೆಸರು. ಆ ವೈರಾಣು ತರುವ ಮಂಗನ ಕಾಯಿಲೆಯಲ್ಲಿ ಕೆಂಪು ಕಣ್ಣು, ನಿಧಾನ ನಾಡಿ, ಇಳಿದ ರಕ್ತದೊತ್ತಡ, ಅಂಗುಳಲ್ಲಿ ಸಣ್ಣ ಗುಳ್ಳೆಗಳು ಕಾಣಬಹುದು. ಉಣುಗು ಕಚ್ಚಿದ ಗುರುತನ್ನೂ ಹುಡುಕಿ. ಇಳಿದ ಜ್ವರ ಒಂದೆರಡು ವಾರ ಬಿಟ್ಟು ಮರಳಿದರೆ ಕತ್ತು ಬಿಗಿದಿದೆಯೇ ಎಂದು ನೋಡದೆ ಬಿಡಬೇಡಿ. ರಕ್ತದ ಮಾದರಿಯನ್ನು ಯಾವ ವೈರಾಣುವಿಗಾಗಿ ನೋಡಬೇಕು ಎಂದು ಲ್ಯಾಬಿಗೆ ಹೇಳಬೇಕಾದವರು ನೀವೇ.

5. ಗಂಟು ಸಿಕ್ಕರೆ ಸೂಜಿಗೆ ಜಾಗ ಸಿಕ್ಕಿತು

ಕತ್ತು, ಕತ್ತೆಲುಬಿನ ಮೇಲಿನ ಗುಳಿ, ಕಂಕುಳು, ಮೊಣಕೈ ಒಳಮಗ್ಗುಲು, ತೊಡೆಸಂದುಗಳಲ್ಲಿ ಹುಡುಕಿ. ಒಂದಕ್ಕೊಂದು ಅಂಟಿಕೊಂಡ ಗಂಟುಗಳಾದರೆ ಕ್ಷಯ, ರಬ್ಬರಿನಂತಿದ್ದರೆ ಲಿಂಫೋಮಾ ಮನಸ್ಸಿಗೆ ಬರಲಿ. ತೀರ್ಪು ಮಾತ್ರ ಬಯಾಪ್ಸಿಯದು.

6. ಗುಲ್ಮವನ್ನು ಕೆಳಗಿನಿಂದ ಹುಡುಕುತ್ತ ಬನ್ನಿ

ಬಲ ಕಿಬ್ಬೊಟ್ಟೆಯಿಂದ ಎಡ ಪಕ್ಕೆಯತ್ತ. ಪಕ್ಕೆಯ ಬುಡದಲ್ಲೇ ಕೈ ಇಟ್ಟು ಶುರುಮಾಡಿದವರು ದೊಡ್ಡ ಗುಲ್ಮದ ಮೇಲೇ ಕೈಯಿಟ್ಟು ‘ಏನಿಲ್ಲ’ ಎಂದು ಬರೆದುಬಿಡುತ್ತಾರೆ. ಬಲಗಡೆ ಪಕ್ಕೆಲುಬುಗಳ ನಡುವೆ ಒಂದೇ ಬೆರಳಿನಿಂದ ಒತ್ತಿ. ರೋಗಿ ಮುಖ ಕಿವುಚಿದರೆ ಯಕೃತ್ತಿನಲ್ಲಿ ಕೀವು ಇದೆಯೇ ಎಂದು ಅಲ್ಟ್ರಾಸೌಂಡ್‌ಗೆ ಕಳಿಸಿ.

7. ಎದೆಬಡಿತವನ್ನು ದಿನವೂ ಆಲಿಸಿ

ನಿನ್ನೆ ಇಲ್ಲದ ಮರ್ಮರ ಇಂದು ಕೇಳಿದರೆ ಹೃದಯದ ಒಳಪೊರೆಯ ಸೋಂಕು ಇರಬಹುದು. ಉಗುರಿನ ಕೆಳಗೆ ಸಿಬಿರು ಚುಚ್ಚಿದಂಥ ಗೆರೆ, ರೆಪ್ಪೆಯ ಒಳಗೆ ರಕ್ತದ ಚುಕ್ಕೆ ಹುಡುಕಿ. ಆ್ಯಂಟಿಬಯಾಟಿಕ್ ಹಾಕುವ ಮೊದಲೇ ಬ್ಲಡ್ ಕಲ್ಚರ್ ಹೋಗಿರಲಿ.

8. ಮುಜುಗರದ ಜಾಗಗಳನ್ನು ಬಿಡಬೇಡಿ

ಗುದದ್ವಾರ, ವೃಷಣ, ಹಾಸಿಗೆ ಹಿಡಿದವರ ಬೆನ್ನು, ಹುಳುಕು ಹಲ್ಲು. ಐವತ್ತು ದಾಟಿದವರಿಗೆ ತಲೆನೋವೂ ಇದ್ದರೆ ಕಣತಲೆಯ ರಕ್ತನಾಳ ಮುಟ್ಟಿ ನೋಡಿ. ಆ ನಾಳದ ಉರಿಯೂತ ನಮ್ಮಲ್ಲಿ ಅಪರೂಪದ ಕಾಯಿಲೆ, ಆದರೆ ತಡಮಾಡಿದರೆ ದೃಷ್ಟಿ ಹೋಗಬಹುದು.

9. ಜ್ವರ ಏರಿದಾಗ ಮಂಚದ ಪಕ್ಕ ಇರಿ

ಬೆಳಗಿನ ರೌಂಡ್ಸ್‌ನಲ್ಲಿ ರೋಗಿ ತಣ್ಣಗೆ ಕೂತಿರುತ್ತಾನೆ. ಸ್ಟಿಲ್ಸ್ ಕಾಯಿಲೆಯ ತಿಳಿಗೆಂಪು ದದ್ದು ಸಂಜೆ ಜ್ವರದೊಂದಿಗೆ ಬಂದು ಜ್ವರದೊಂದಿಗೇ ಮಾಯವಾಗುತ್ತದೆ. ರಾತ್ರಿ ಪಾಳಿಯ ನರ್ಸನ್ನು ಕೇಳಿ, ಅವರು ಕಂಡಿರುತ್ತಾರೆ. ಇನ್ನು, ನೋಡದೇ ಇದ್ದ ಭಾಗದ ಬಗ್ಗೆ ಕೇಸ್‌ಶೀಟಿನಲ್ಲಿ ‘ನಾರ್ಮಲ್’ ಎಂದು ಬರೆಯುವ ಚಾಳಿ ಬೇಡ. ‘ನೋಡಿಲ್ಲ’ ಎಂದು ಬರೆದರೆ ನಾಳೆ ಬರುವವರಾದರೂ ನೋಡುತ್ತಾರೆ.

ಓದುತ್ತಿರುವ ನೀವು ಡಾಕ್ಟರಲ್ಲ, ಜ್ವರ ಬಿಡದವರ ಮನೆಯವರು ಎಂದಾದರೆ ಒಂದು ಮಾತು: ಮುಂದಿನ ಸ್ಕ್ಯಾನಿಗೆ ದುಡ್ಡು ಕಟ್ಟುವ ಮೊದಲು, ‘ಮೈಯೆಲ್ಲ ಒಮ್ಮೆ ನೋಡಿಬಿಡಿ ಡಾಕ್ಟ್ರೇ’ ಎಂದು ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ.