ಪುಟಗಳ ನಡುವೆ ಕಳೆದ ಹೆಸರು

ಅಂತರ್ಜಾಲದಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ, ಅದು ಪಟ್ಟಿಯಲ್ಲೇ ಇಲ್ಲವೆಂದು ನಾವು ನಂಬುತ್ತೇವೆ. ಈ ನಂಬಿಕೆ ಸಲ್ಲದೆಂಬುದು ಕಳೆದ ವರ್ಷ ನನಗೆ ತಿಳಿಯಿತು. ಒಂದು ವಿದ್ಯಾರ್ಥಿವೇತನದ ಪಟ್ಟಿ ಅಂಕಗಳ ಕ್ರಮದಲ್ಲಿ, ಪುಟಕ್ಕೆ ಹತ್ತು ಹೆಸರಿನಂತೆ ಪ್ರಕಟವಾಗಿತ್ತು. ಮರಿಯಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಇಂತಹ ಪಟ್ಟಿಯನ್ನು ನೋಡಿ ತಿಳಿಯಬಲ್ಲವನು ನಾನೊಬ್ಬನೇ. ಎಲ್ಲ ಪುಟಗಳನ್ನೂ ನೋಡಿ "ಹೆಸರಿಲ್ಲ" ಎಂದೆ. ತಾಯಿಯವರು ಮರುಮಾತಾಡದೆ ಒಳಗೆ ಹೋದರು. ಮರುದಿನ ನೋಡಿದರೆ, ಎರಡನೆಯ ಪುಟದ ಮೊದಲ ಹೆಸರೇ ನನ್ನದು!

ಇದು ಹೇಗೆ ಸಾಧ್ಯ? ಗಣಕಶಾಸ್ತ್ರ ಓದುವ ಗೆಳೆಯನೊಬ್ಬನಿಂದ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಯಾರಾದರೂ ಪಟ್ಟಿಯನ್ನು ಕೇಳಿದಾಗಲೆಲ್ಲ ಗಣಕಯಂತ್ರವು ಮೂಲ ದಾಖಲೆಗಳನ್ನು ಶೋಧಿಸಿ ಪುಟವನ್ನು ಸಿದ್ಧಪಡಿಸಬೇಕು. ಸಾವಿರಾರು ಜನ ಒಮ್ಮೆಲೇ ಕೇಳಿದರೆ ಅದು ತಡವರಿಸುತ್ತದೆ. ಆದುದರಿಂದ ಒಮ್ಮೆ ಸಿದ್ಧವಾದ ಪುಟದ ಪ್ರತಿಯನ್ನು ಕೆಲಕಾಲ ಇಟ್ಟುಕೊಂಡು, ಅದನ್ನೇ ಎಲ್ಲರಿಗೂ ಕೊಡುತ್ತದೆ. ಇದಕ್ಕೆ 'ಕ್ಯಾಶಿಂಗ್' ಎಂದು ಹೆಸರು. ಹಣದ ಕ್ಯಾಶಿಗೂ ಇದಕ್ಕೂ ಸಂಬಂಧವಿಲ್ಲ.

ನನ್ನ ಹೆಸರು ಹತ್ತನೆಯದಾಗಿತ್ತೆಂದು ಇಟ್ಟುಕೊಳ್ಳಿ. ಮೇಲೆ ಹೊಸ ಹೆಸರೊಂದು ಸೇರಿತು, ನಾನು ಹನ್ನೊಂದನೆಯವನಾದೆ. ಮೊದಲ ಪುಟ ಹೊಸದಾಯಿತು, ಅಲ್ಲಿ ನಾನಿಲ್ಲ. ಎರಡನೆಯದು ಇನ್ನೂ ಹಳೆಯ ಪ್ರತಿಯೇ, ಅಲ್ಲಿಯೂ ನಾನಿಲ್ಲ. ಕಾಲೇಜಿನ ಸೂಚನಾ ಫಲಕದಲ್ಲಿ ಮೊದಲ ಹಾಳೆಯನ್ನಷ್ಟೇ ಬದಲಿಸಿ, ಎರಡನೆಯದನ್ನು ಹಾಗೆಯೇ ಬಿಟ್ಟಂತೆ! ಮೊದಲನೆಯದು ಹಳೆಯದಾಗಿ ಎರಡನೆಯದು ಹೊಸದಾದರೆ, ಅದೇ ಹೆಸರು ಎರಡು ಕಡೆ ಕಾಣುವುದು.

ಇದಕ್ಕೆ ಪರಿಹಾರ ಎರಡು. ಪಟ್ಟಿಗೊಂದು ಆವೃತ್ತಿ ಸಂಖ್ಯೆ ಕೊಟ್ಟು, ಪ್ರತಿಯೊಂದು ಪುಟವನ್ನೂ ಆ ಸಂಖ್ಯೆಯೊಡನೆ ಇಡುವುದು ಒಂದು. ಒಂದು ಹೆಸರು ಸೇರಿದರೂ, ಅಳಿದರೂ ಸಂಖ್ಯೆ ಬದಲಾಗಿ, ಹಳೆಯ ಪುಟಗಳೆಲ್ಲ ಒಟ್ಟಿಗೇ ಬಳಕೆ ತಪ್ಪುತ್ತವೆ. 'ಎರಡನೆಯ ಪುಟ' ಎನ್ನದೆ, 'ಇಂಥ ಹೆಸರಿನಿಂದ ಮುಂದಕ್ಕೆ' ಎಂದು ಕೇಳುವುದು ಇನ್ನೊಂದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ವರ್ಗಪುಟಗಳಲ್ಲಿ ಈ ಕ್ರಮವನ್ನು ಕಾಣಬಹುದು. ಅಲ್ಲಿ ಪುಟಕ್ಕೆ 200 ಶೀರ್ಷಿಕೆಗಳು. ಮುಂದಿನ ಪುಟದ ಕೊಂಡಿಯಲ್ಲಿ ಪುಟಸಂಖ್ಯೆಯಿಲ್ಲ, ಎಲ್ಲಿಂದ ಆರಂಭಿಸಬೇಕೆಂಬ ಶೀರ್ಷಿಕೆಯಿದೆ. ಹೀಗಾದರೆ ಮೇಲೆ ಎಷ್ಟು ಹೆಸರು ಸೇರಿದರೂ ನಡುವಿನವನು ಜಾರಿಬೀಳುವುದಿಲ್ಲ. ಆದರೆ ಅಳಿಸಿದ ಹೆಸರು ಹಳೆಯ ಪ್ರತಿಯಲ್ಲಿ ಕೆಲಕಾಲ ಉಳಿಯಬಹುದು. ಅದಕ್ಕೆ ಮೊದಲ ಉಪಾಯವೇ ಬೇಕು.

ವೇಗಕ್ಕಾಗಿ ಪ್ರತಿಯನ್ನಿಡುವುದು ತಪ್ಪಲ್ಲ. ಆದರೆ ಒಂದು ಪಟ್ಟಿಯ ಪುಟಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು. ಮನೆಯಲ್ಲಿ ಮೊದಲ ಬಾರಿಗೆ ಒಬ್ಬ ಕಾಲೇಜಿನ ಮೆಟ್ಟಿಲು ಹತ್ತಿರುವಾಗ, ಒಂದು ದಿನದ ಸುಳ್ಳು 'ಇಲ್ಲ' ಕೂಡ ಬಹಳ ಭಾರವಾದುದು.