ಪೆಟ್ರೋಲಿನ ಕ್ರಯ ಹೆಚ್ಚಿರುವದು ಹಿತವೋ, ಕಡಿಮೆಯಿರುವದು ಹಿತವೋ?



ಪೆಟ್ರೋಲಿನ ಕ್ರಯ ಏರಿತೆಂಬ ಸುದ್ದಿ ಬಂದ ದಿನ ಹಳ್ಳಿಯ ಚಹದ ಅಂಗಡಿಯಲ್ಲಿ ಬೇರೆ ಮಾತೇ ಇರುವದಿಲ್ಲ. ಅಂಥ ಒಂದು ಸಂಜೆ ಇಬ್ಬರ ನಡುವೆ ನಡೆದ ವಾದವನ್ನು ನಾವು ಕೇಳಿದೆವು. ಆಟೋ ನಡಿಸುವ ಒಬ್ಬನು, “ಮಾಸ್ತರರೇ, ದಿನವಿಡೀ ದುಡಿದದ್ದರಲ್ಲಿ ಎಷ್ಟು ಪಾಲು ಬಂಕಿಗೇ ಹೋಗುತ್ತದೆಂದು ನಿಮಗೆ ಗೊತ್ತುಂಟೋ? ಕ್ರಯ ಇಳಿಯದ ಹೊರತು ಬಡವನು ಬದುಕಲಾರನು” ಅಂದನು. ಹತ್ತಿರ ಕೂತಿದ್ದ ಮುದಿ ಉಪಾಧ್ಯಾಯರು, “ಇಳಿದರೆ ನಾಳೆ ಮನೆಗೆರಡು ಬೈಕು ಬರುತ್ತವೆ, ಮಗಾ, ಜನರಿಲ್ಲದೆ ಬಸ್ಸು ನಿಂತುಹೋಗುತ್ತದೆ. ಆಗ ಬೈಕಿಲ್ಲದ ಮುದುಕಿಯ ಗತಿ ಏನು?” ಅಂದರು. ಇಬ್ಬರೂ ಬಡವರ ಪರವಾಗಿಯೇ ಮಾತಾಡಿದರು. ಆದಾಗ್ಯೂ ಒಬ್ಬರ ಮಾತು ಮತ್ತೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಆದಕಾರಣ ಈ ಸಂಗತಿಯನ್ನು ಕ್ರಮವಾಗಿ ವಿಚಾರಿಸಿ ನೋಡುವದು ಯುಕ್ತವೆಂದು ನಮಗೆ ತೋರಿತು.

1. ಕ್ರಯವು ಹೇಗೆ ಉಂಟಾಗುತ್ತದೆ?

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚು ಪರದೇಶಗಳಿಂದ ಹಡಗಿನ ಮೇಲೆ ಬರುತ್ತದೆ. ಅದರ ಕ್ರಯಕ್ಕೆ ಶುದ್ಧಿಮಾಡುವ ಖರ್ಚು, ಸಾಗಣೆ, ಬಂಕಿನವರ ಕಮಿಶನು, ಕೇಂದ್ರ ಸರಕಾರದ ಸುಂಕ, ರಾಜ್ಯದ ಮಾರಾಟ ತೆರಿಗೆ ಇವೆಲ್ಲಾ ಕೂಡುತ್ತವೆ. ಪೆಟ್ರೋಲಿನ ಕ್ರಯವನ್ನು ಸರಕಾರವು ತಾನೇ ಗೊತ್ತುಮಾಡುವದನ್ನು 2010ನೇ ಜೂನಿನಲ್ಲಿಯೂ, ಡೀಸೆಲಿನದನ್ನು 2014ನೇ ಅಕ್ಟೋಬರಿನಲ್ಲಿಯೂ ಬಿಟ್ಟಿತು. ಆದರೂ ಸುಂಕವೆಂಬ ಹಗ್ಗವು ಅದರ ಕೈಯಲ್ಲಿಯೇ ಉಳಿಯಿತು. 2020ರಲ್ಲಿ ಕೊರೋನಾ ವ್ಯಾಧಿಯಿಂದ ಲೋಕದ ಸಂಚಾರವೆಲ್ಲಾ ನಿಂತು ಕಚ್ಚಾ ಎಣ್ಣೆಯ ಕ್ರಯ ಬಿದ್ದುಹೋದಾಗ ನಮ್ಮ ಬಂಕುಗಳಲ್ಲಿ ಆ ಅಗ್ಗವು ಕಾಣಲಿಲ್ಲ. ಯಾಕಂದರೆ ಆ ಮೇ ತಿಂಗಳಲ್ಲಿ ಕೇಂದ್ರ ಸುಂಕವು ಲೀಟರಿಗೆ ಪೆಟ್ರೋಲಿನ ಮೇಲೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ಏರಿಸಲ್ಪಟ್ಟಿತು. 2021ರಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲು 100 ರೂಪಾಯಿ ದಾಟಿತು. ಬಳಿಕ ಅದೇ ವರುಷದ ನವೆಂಬರಿನಲ್ಲಿ 5 ಹಾಗೂ 10 ರೂಪಾಯಿ, 2022ನೇ ಮೇ ತಿಂಗಳಲ್ಲಿ 8 ಹಾಗೂ 6 ರೂಪಾಯಿ ಸುಂಕ ಇಳಿಯಿತು. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಕ್ರಯದ ಒಂದು ದೊಡ್ಡ ಪಾಲು ಎಣ್ಣೆಯ ಬಾವಿಯಿಂದಲ್ಲ, ಮನುಷ್ಯರ ತೀರ್ಮಾನದಿಂದಲೇ ಬರುತ್ತದೆ. ಆದಕಾರಣ ಯಾವದು ಹಿತವೆಂದು ಕೇಳುವದು ವ್ಯರ್ಥವಲ್ಲ.

2. ಕಡಿಮೆ ಕ್ರಯದ ಗುಣದೋಷಗಳು

ಕಡಿಮೆ ಕ್ರಯದಿಂದ ಗುಣವಿಲ್ಲವೆಂದು ಯಾರೂ ಹೇಳಲಾರರು. ಅಕ್ಕಿ, ತರಕಾರಿ, ಮೀನು ಇವೆಲ್ಲಾ ಲಾರಿಯಲ್ಲಿ ಬರುವ ಕಾರಣ ಡೀಸೆಲಿನ ಕ್ರಯವು ಪ್ರತಿಯೊಂದು ಮನೆಯ ಅಡಿಗೆಯೊಳಗೆ ಸೇರುತ್ತದೆ. ಆದರೆ ಅಗ್ಗದ ಲಾಭವು ಯಾರಿಗೆ ಎಷ್ಟು ಮುಟ್ಟುತ್ತದೆಂಬದನ್ನು ಲೆಕ್ಕಹಾಕಿ ನೋಡೋಣ. ಲೀಟರಿಗೆ ಒಂದು ರೂಪಾಯಿ ಇಳಿಯಿತೆಂದು ಇಟ್ಟುಕೊಳ್ಳಿರಿ. ತಿಂಗಳಿಗೆ ನೂರು ಲೀಟರು ಸುಡುವ ಕಾರಿನವನಿಗೆ ನೂರು ರೂಪಾಯಿ ಉಳಿಯುವದು; ಐದು ಲೀಟರು ಹಾಕಿಸುವ ಬೈಕಿನವನಿಗೆ ಐದು ರೂಪಾಯಿ; ನಡೆದು ಹೋಗುವ ಕೂಲಿಯ ಹೆಂಗಸಿನ ಕೈಗೆ ನೇರವಾಗಿ ಏನೂ ಇಲ್ಲ. ಬಡವರ ಹೆಸರಿನಲ್ಲಿ ಕೊಟ್ಟದ್ದು ಹೀಗೆ ಹೆಚ್ಚು ಉಳ್ಳವನಿಗೇ ಹೆಚ್ಚಾಗಿ ಸೇರುತ್ತದೆ.

ಇದು ಬರೇ ಊಹೆಯಲ್ಲ. 2014ರ ಮುಂಚೆ ರೈತರಿಗೂ ಲಾರಿಯವರಿಗೂ ಉಪಕಾರವಾಗಲೆಂದು ಡೀಸೆಲನ್ನು ಪೆಟ್ರೋಲಿಗಿಂತ ಬಹಳ ಅಗ್ಗವಾಗಿ ಇಟ್ಟಿದ್ದರು. ಅದನ್ನು ಕಂಡು ಅನುಕೂಲಸ್ಥರು ದೊಡ್ಡ ದೊಡ್ಡ ಡೀಸೆಲ್ ಕಾರುಗಳನ್ನು ಕೊಂಡರು. ರೈತನ ಪಂಪಿಗೆ ಇಟ್ಟ ಹಣ ಅವರ ಕಾರುಗಳಲ್ಲಿ ಸುಟ್ಟುಹೋಯಿತು. ರೇಶನ್ ಅಂಗಡಿಯ ಅಗ್ಗದ ಸೀಮೆಎಣ್ಣೆಯೂ ಹಾಗೆಯೇ ಬಡವರ ದೀಪಕ್ಕೂ ಒಲೆಗೂ ಮುಟ್ಟುವದರ ಬದಲಾಗಿ ಎಷ್ಟೋ ಸಾರಿ ಕಳ್ಳದಾರಿಯಿಂದ ಡೀಸೆಲಿನೊಳಗೆ ಬೆರೆಯಿತು.

3. ಹೆಚ್ಚು ಕ್ರಯದ ಗುಣದೋಷಗಳು

ಹೆಚ್ಚು ಕ್ರಯವು ಕಠಿಣನಾದ ಉಪಾಧ್ಯಾಯನ ಹಾಗೆ ಮಿತವ್ಯಯವನ್ನು ಕಲಿಸುತ್ತದೆ. 1973ನೇ ಅಕ್ಟೋಬರಿನಲ್ಲಿ ಅರಬ ದೇಶದವರು ಅಮೇರಿಕಾ ಮೊದಲಾದ ದೇಶಗಳಿಗೆ ಎಣ್ಣೆ ಮಾರುವದನ್ನು ನಿಲ್ಲಿಸಿದಾಗ, ಪೀಪಾಯಿಗೆ ಸುಮಾರು 3 ಡಾಲರಿದ್ದ ಕ್ರಯವು ಕೆಲವೇ ತಿಂಗಳುಗಳೊಳಗೆ 12 ಡಾಲರಿನ ಹತ್ತಿರ ಬಂತು. ಅಮೇರಿಕದ ಜನರು ಆಗ ಜಪಾನಿನ ಚಿಕ್ಕ ಕಾರುಗಳನ್ನು ಹುಡುಕತೊಡಗಿದರು. 1975ರಲ್ಲಿ ಕಾರುಗಳು ಕಡಿಮೆ ಎಣ್ಣೆಯಿಂದ ಹೆಚ್ಚು ದೂರ ಓಡಬೇಕೆಂಬ ಕಾಯಿದೆಯೂ ಆಯಿತು. ಅಷ್ಟೇ ಅಲ್ಲದೆ, ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಮು ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಭೂಮಿಯ ಸೆಕೆಯನ್ನು ಹೆಚ್ಚಿಸುವ ಈ ಹೊಗೆಯ ಕೇಡನ್ನು ಉರಿಸಿದವನು ಮಾತ್ರವಲ್ಲ, ಮಳೆ ತಪ್ಪಿದ ಹೊಲದವನೂ ತೆರಬೇಕಾಗುತ್ತದೆ.

ಆದರೆ ಬೇರೆ ದಾರಿಯಿಲ್ಲದವನಿಗೆ ಈ ಉಪಾಧ್ಯಾಯನು ಪಾಠ ಹೇಳುವದಿಲ್ಲ, ಪೆಟ್ಟು ಮಾತ್ರ ಕೊಡುತ್ತಾನೆ. 2018ನೇ ನವೆಂಬರಿನಲ್ಲಿ ಫ್ರಾನ್ಸ್ ದೇಶದಲ್ಲಿ ಎಣ್ಣೆಯ ತೆರಿಗೆಗೆ ವಿರೋಧವಾಗಿ ಹಳದಿ ಅಂಗಿ ತೊಟ್ಟ ಸಾವಿರಾರು ಜನರು ಬೀದಿಗೆ ಬಂದರು. ಪಟ್ಟಣದವನಿಗೆ ರೈಲು ಉಂಟು. ಹಳ್ಳಿಯಿಂದ ದೂರದ ಕೆಲಸಕ್ಕೆ ಹೋಗುವವನಿಗೆ ಕಾರಿನ ಹೊರತು ಗತಿಯಿಲ್ಲ. ಡಿಸೆಂಬರಿನಲ್ಲಿ ಅಲ್ಲಿಯ ಸರಕಾರವು ಮುಂದಿನ ವರುಷಕ್ಕೆ ಯೋಚಿಸಿದ್ದ ತೆರಿಗೆಯನ್ನು ಹಿಂದೆಗೆಯಬೇಕಾಯಿತು.

4. ಎರಡು ದೃಷ್ಟಾಂತಗಳು

ವೆನೆಜುವೆಲಾ ಎಂಬ ಎಣ್ಣೆಯ ದೇಶದಲ್ಲಿ ಬಹುಕಾಲ ಪೆಟ್ರೋಲು ಅತಿ ಅಗ್ಗವಾಗಿತ್ತು. 1989ನೇ ಫೆಬ್ರವರಿಯಲ್ಲಿ, ಸಾಲದಲ್ಲಿ ಮುಳುಗಿದ ಸರಕಾರವು ಅದರ ಕ್ರಯವನ್ನು ಫಕ್ಕನೆ ಏರಿಸಿತು. ಒಡನೆ ಬಸ್ಸಿನವರು ಬಾಡಿಗೆ ಏರಿಸಿದರು. 27ನೇ ತಾರೀಕಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ಬಡವರು ಬಸ್ಸಿನ ನಿಲ್ದಾಣದಲ್ಲಿ ಇದನ್ನು ತಿಳಿದು ರೇಗಿದರು. ದಂಗೆಯು ರಾಜಧಾನಿಯಾದ ಕರಾಕಾಸಿಗೆ ಹಬ್ಬಿತು. ಅದನ್ನು ಅಡಗಿಸುವದರಲ್ಲಿ ನೂರಾರು ಮಂದಿ ಪ್ರಾಣ ಕಳಕೊಂಡರು.

ಇಂಡೋನೇಶಿಯಾ ದೇಶವೂ 2005ನೇ ಅಕ್ಟೋಬರಿನಲ್ಲಿ ಪೆಟ್ರೋಲಿನ ಕ್ರಯವನ್ನು ಲೀಟರಿಗೆ 2,400 ರೂಪಾಯದಿಂದ 4,500ಕ್ಕೆ ಏರಿಸಿತು (ಇದು ಆ ದೇಶದ ನಾಣ್ಯ, ನಮ್ಮ ರೂಪಾಯಿಗಿಂತ ಬಹಳ ಅಲ್ಪ). ಆದರೆ ಅದರೊಟ್ಟಿಗೆ ಒಂದೂವರೆ ಕೋಟಿಗಿಂತ ಹೆಚ್ಚು ಬಡ ಕುಟುಂಬಗಳಿಗೆ ಮೂರು ತಿಂಗಳಿಗೊಮ್ಮೆ 3,00,000 ರೂಪಾಯದಂತೆ ನಗದು ಕೊಡತೊಡಗಿತು. ಪಟ್ಟಿಯಲ್ಲಿ ತಪ್ಪುಗಳಿದ್ದವು, ಗುಣುಗುಟ್ಟುವಿಕೆಯೂ ಇತ್ತು. ಆದರೂ ಕರಾಕಾಸಿನ ವಿಪತ್ತು ಅಲ್ಲಿ ಉಂಟಾಗಲಿಲ್ಲ. ಎರಡು ದೇಶಗಳಲ್ಲಿಯೂ ಕ್ರಯ ಏರಿತು. ಆದರೆ ಒಂದರಲ್ಲಿ ಬಡವನ ಕೈಯಿಂದ ಹೋದದ್ದು ಹೋಯಿತು. ಇನ್ನೊಂದರಲ್ಲಿ ಅದರ ಒಂದು ಪಾಲು ಅವನ ಮನೆಗೆ ತಿರುಗಿ ಬಂತು.

5. ನಮ್ಮ ತೀರ್ಮಾನ

ಇವೆಲ್ಲವನ್ನೂ ತೂಗಿ ನೋಡಿದರೆ, ಪೆಟ್ರೋಲಿನ ಕ್ರಯ ಅತಿ ಅಗ್ಗವಾಗಿರುವದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇರುವದು ಸಮಾಜಕ್ಕೆ ಹಿತವೆಂದು ನಮಗೆ ತೋರುತ್ತದೆ. ಆದರೆ ಅದು ಮೂರು ನಿಬಂಧನೆಗಳ ಮೇಲೆ ಮಾತ್ರ: ಏರಿಕೆಯು ಮೆಲ್ಲಗೆ ಆಗಬೇಕು, ಅನ್ನದ ಲಾರಿಯನ್ನು ಓಡಿಸುವ ಡೀಸೆಲಿನ ಮೇಲೆ ಭಾರ ಕಡಿಮೆಯಾಗಿರಬೇಕು, ಆದರೆ ಕಾರು ಕೊಳ್ಳುವವನಿಗೆ ಅದು ಆಶೆಹುಟ್ಟಿಸುವಷ್ಟು ಅಗ್ಗವಾಗಬಾರದು, ಕೂಡಿದ ಹಣವು ವಾಹನವಿಲ್ಲದವರಿಗೆ ಕಣ್ಣಿಗೆ ಕಾಣುವಂತೆ ತಿರುಗಿ ಸೇರಬೇಕು.

ಮೂರನೆಯದೇ ಎಲ್ಲಕ್ಕಿಂತ ಕಷ್ಟವಾದದ್ದು. ಕರ್ನಾಟಕದಲ್ಲಿ 2023ನೇ ಜೂನ್ 11ರಿಂದ ಹೆಂಗಸರು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸುವ ಶಕ್ತಿ ಯೋಜನೆಯು ಆರಂಭವಾಯಿತು. 2024ನೇ ಜೂನಿನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಪೆಟ್ರೋಲು ಸುಮಾರು 3 ರೂಪಾಯಿ ಹೆಚ್ಚಾಯಿತು. ತೆರಿಗೆಯ ಹಣಕ್ಕೆ ಗುರುತು ಇಲ್ಲದ್ದರಿಂದ ಈ ರೂಪಾಯಿ ಆ ಬಸ್ಸಿಗೇ ಹೋಯಿತೆಂದು ನಾವು ಹೇಳುವದಿಲ್ಲ. ಆದರೆ ದಾರಿ ಇದೇ: ವಾಹನವುಳ್ಳವನು ಕೊಡಲಿ, ಬಸ್ಸು ಓಡಲಿ. ಇದರಲ್ಲಿಯೂ ಕೊರತೆಗಳುಂಟು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯ ಅನೇಕ ಊರುಗಳ ಹೆಂಗಸರಿಗೆ ಈ ಉಪಕಾರ ಪೂರ್ತಿಯಾಗಿ ಮುಟ್ಟಲಿಲ್ಲ. ಆಟೋದವನಿಗಾದರೋ ಎರಡು ಪೆಟ್ಟು: ಎಣ್ಣೆಗೆ ಹೆಚ್ಚು ಕೊಡಬೇಕು, ಹತ್ತುವವರೋ ಬಸ್ಸಿಗೆ ಹೋದರು. 2023ನೇ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಖಾಸಗಿ ವಾಹನದವರು ಬಂದ್ ಮಾಡಿದ್ದಕ್ಕೆ ಹತ್ತುವವರು ಬಸ್ಸಿಗೆ ಹೋದದ್ದೂ ಒಂದು ಕಾರಣ. ಆದಕಾರಣ ಚಹದ ಅಂಗಡಿಯ ವಾದದಲ್ಲಿ ಉಪಾಧ್ಯಾಯರ ಮಾತು ಸರಿಯೆಂದು ನಾವು ಒಪ್ಪಿದರೂ, ಆಟೋದವನ ಪ್ರಶ್ನೆಗೆ ಉತ್ತರ ಕೊಡದೆ ಎದ್ದು ಹೋಗುವದು ನ್ಯಾಯವಲ್ಲ. ಎಣ್ಣೆಯ ಕ್ರಯ ಏರಿದ ಹಾಗೆ ಅವನ ಬಾಡಿಗೆಯನ್ನೂ ತಡಮಾಡದೆ ಗೊತ್ತುಮಾಡಬೇಕು. ಬಸ್ಸು ಮುಟ್ಟದ ಕೇರಿಗಳಿಗೆ ಅವನ ಗಾಡಿಯನ್ನೇ ಕೂಡಿಸುವ ಉಪಾಯವನ್ನು ಹುಡುಕಬೇಕು. ಎಲ್ಲರ ಹಿತಕ್ಕಾಗಿ ಹೊರಿಸಿದ ಭಾರವನ್ನು ಒಬ್ಬನೇ ಹೊರತಕ್ಕದ್ದಲ್ಲ.

ವಿಚಾರಕ್ಕಾಗಿ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಸ್ವಂತ ವಾಹನವಿಲ್ಲದ ಮನೆಗಳು ಎಷ್ಟು? ಅವರು ಆಸ್ಪತ್ರೆಗೆ ಹೇಗೆ ಹೋಗುತ್ತಾರೆ?
2. ಪೆಟ್ರೋಲು ಲೀಟರಿಗೆ ಐದು ರೂಪಾಯಿ ಇಳಿದರೆ ನಿಮ್ಮ ಮನೆಗೆ ಎಷ್ಟು ಉಳಿಯುವದು? ಅದಕ್ಕಾಗಿ ಊರಿನ ಬಸ್ಸನ್ನು ಬಿಟ್ಟುಕೊಡುವಿರೋ?
3. ನಿಮ್ಮ ಊರಿನ ಆಟೋದವರನ್ನು ಕರೆದು ಅವರ ಒಂದು ದಿನದ ಲೆಕ್ಕವನ್ನು ಕೇಳಿರಿ. ಆ ಮೇಲೆ ಮೇಲಿನ ತೀರ್ಮಾನವು ಸರಿಯೋ ತಪ್ಪೋ ಎಂದು ಹೇಳಿರಿ.